ಥರ್ಮೋಕೋಲಿನ ಹಸಿರು ಮನೆಗೆ ಬಹುಮಾನ ಸಾಕು: ಪುಣೆಯ ಶಾಲೆಗಳಿಗೂ ಪಾಲಿಕೆಗೂ ಒಂದು ಬಹಿರಂಗ ಪತ್ರ

ಪುಣೆಯ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಆಡಳಿತ ಮಂಡಳಿಗಳ ಸದಸ್ಯರಿಗೆ, ಪುಣೆ ಮಹಾನಗರಪಾಲಿಕೆಯ ಆಯುಕ್ತರಿಗೆ, ಹಾಗೂ ಈ ಊರಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗ ತಂದೆತಾಯಿಗಳಿಗೆ,

ಮಾನ್ಯರೇ,

ಡಿಸೆಂಬರ್, ಜನವರಿ ತಿಂಗಳು ಬಂತೆಂದರೆ ಪುಣೆಯ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನಗಳ ಸುಗ್ಗಿ. ವಿಜ್ಞಾನ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ತೀರ್ಪುಗಾರಳಾಗಿ ಇಂಥ ಪ್ರದರ್ಶನಗಳಿಗೆ ಹೋಗಿಬರುವ ನನಗೆ, ‘ಪರಿಸರಸ್ನೇಹಿ ಮನೆ’ ಎಂಬ ಹೆಸರಿನ ಮಾದರಿಯೊಂದು ಕಣ್ಣಿಗೆ ಬೀಳದ ವರ್ಷವೇ ಇಲ್ಲ. ಅದರ ಗೋಡೆಗಳು ಥರ್ಮೋಕೋಲಿನವು, ಅಂಗಳದ ಹುಲ್ಲು ಪ್ಲಾಸ್ಟಿಕ್ ಚಾಪೆಯದು, ತಾರಸಿಯ ಮೇಲಿನ ಸೌರಫಲಕ ನೀಲಿ ಬಣ್ಣ ಬಳಿದ ರಟ್ಟಿನ ತುಂಡು, ಮಳೆನೀರು ಇಳಿಯುವ ಕೊಳವೆ ತಂಪು ಪಾನೀಯ ಹೀರುವ ಸ್ಟ್ರಾ. ಒಳಗೆ ಬ್ಯಾಟರಿ ಕಟ್ಟಿದ ಪುಟ್ಟ ದೀಪ ಹತ್ತುತ್ತದೆ, ಪಕ್ಕದಲ್ಲಿ ನಿಂತ ಮಗು ಬಾಯಿಪಾಠ ಮಾಡಿಕೊಂಡ ಮಾತುಗಳನ್ನು ಉಸಿರು ಬಿಡದೆ ಒಪ್ಪಿಸುತ್ತದೆ, ಮುಖ್ಯ ಅತಿಥಿಗಳು ಮೆಚ್ಚುತ್ತಾರೆ, ಬಹುಮಾನ ಬರುತ್ತದೆ. ಮರುದಿನ ಆ ಮನೆ ಶಾಲೆಯ ಹಿಂಬದಿಯ ಕಸದ ತೊಟ್ಟಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಥರ್ಮೋಕೋಲಿನಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಗಾಳಿಯೇ ಇರುವುದರಿಂದ ರದ್ದಿಯವನು ಅದನ್ನು ಕೊಳ್ಳುವುದಿಲ್ಲ. ತಕ್ಕಡಿಯಲ್ಲಿ ತೂಗದ, ಗಾಡಿಯಲ್ಲಿ ಮಾತ್ರ ಜಾಗ ತಿನ್ನುವ ಸರಕು ಅವನಿಗೆ ಏಕೆ ಬೇಕು? ಅಂಟು, ಬಣ್ಣ, ಮಿಂಚಿನ ಪುಡಿ ಸೇರಿದ ಮೇಲಂತೂ ಅದನ್ನು ಮರುಬಳಕೆಗೆ ಯಾರೂ ಮುಟ್ಟುವುದಿಲ್ಲ. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಥರ್ಮೋಕೋಲಿನ ತಟ್ಟೆಲೋಟಗಳನ್ನೂ ಅಲಂಕಾರದ ಥರ್ಮೋಕೋಲನ್ನೂ ನಿಷೇಧಿಸಿತು. ಗಣಪತಿ ಮಂಟಪಕ್ಕೆ ಬೇಡವಾದದ್ದು ಪರಿಸರ ಪಾಠಕ್ಕೆ ಹೇಗೆ ಸಲ್ಲುತ್ತದೆ ಎಂಬುದನ್ನು ನಾವು ಯಾರೂ ಕೇಳಿಕೊಂಡಂತಿಲ್ಲ.

ಈ ಪತ್ರದ ಮುಖ್ಯ ಕೋರಿಕೆ ಒಂದೇ. ಪರಿಸರಸ್ನೇಹಿ ಮನೆಯ ಮಾದರಿಗೆ ಅಂಕವನ್ನೂ ಬಹುಮಾನವನ್ನೂ ಕೊಡುವುದನ್ನು ನಿಲ್ಲಿಸಿ, ವಿದ್ಯಾರ್ಥಿಯು ತಾನು ವಾಸಿಸುವ ಮನೆಯಲ್ಲಿ ಒಂದು ಋತುವಿನ ಉದ್ದಕ್ಕೂ ನಡೆಸಿದ ಒಂದು ನಿಜವಾದ ಕೆಲಸಕ್ಕೆ, ಅದರ ಅಳತೆಗಳನ್ನು ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಓದಿ, ಅಂಕ ಕೊಡುವ ಪದ್ಧತಿಯನ್ನು ಆರಂಭಿಸಿರಿ. ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದ್ದು 1991ರಲ್ಲಿ. ಅಂದಿನಿಂದ ಪಠ್ಯ ಬಂದಿದೆ, ಮಹಾರಾಷ್ಟ್ರದ ಪಠ್ಯಕ್ರಮದಲ್ಲಿ ಜಲಸುರಕ್ಷೆಯೆಂಬ ವಿಷಯವೂ ಸೇರಿದೆ, ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಅಂಕಗಳೂ ಇವೆ. ಆ ಅಂಕಗಳು ಸ್ಟೇಷನರಿ ಅಂಗಡಿಯ ಚಿತ್ರಪಟಗಳಿಗೂ ಅಂತರ್ಜಾಲದಿಂದ ಇಳಿಸಿಕೊಂಡ ಪುಟಗಳಿಗೂ ಹೋಗುತ್ತಿರುವುದು ಮಾತ್ರ ಬೇಸರದ ಸಂಗತಿ.

ಮನೆಯಲ್ಲಿ ಮಾಡುವ ಕೆಲಸವೆಂದರೆ ದೊಡ್ಡ ಖರ್ಚಿನದೆಂದು ಯಾರೂ ಗಾಬರಿಯಾಗಬೇಕಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪ್ರಯೋಗಕ್ಕೆ ಒಂದು ಪೈಸೆಯೂ ಬೇಡ. ಬೇಕಾದದ್ದು ಕರೆಂಟಿನ ಮೀಟರು ಮತ್ತು ಒಂದು ಗಡಿಯಾರ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ, ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಮೀಟರಿನ ಮುಖದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದು 3200 ಎಂದಿದೆ ಎಂದು ಇಟ್ಟುಕೊಳ್ಳೋಣ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, 75 ವ್ಯಾಟಿನ ಹಳೆಯ ಫ್ಯಾನೊಂದನ್ನು ಮಾತ್ರ ಹಾಕಿದರೆ ಆ ದೀಪ ನಿಮಿಷಕ್ಕೆ 4 ಸಲ, ಅಂದರೆ 5 ನಿಮಿಷಕ್ಕೆ 20 ಸಲ ಮಿನುಗಬೇಕು. ಈಚೆಗೆ ಬಂದಿರುವ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನ ಆಸುಪಾಸಿನದಾದ್ದರಿಂದ ಅಷ್ಟೇ ಹೊತ್ತಿನಲ್ಲಿ 8 ಸಲ ಮಿನುಗುತ್ತದೆ. 2000 ವ್ಯಾಟಿನ ಗೀಸರ್ ಹಾಕಿದ ತಕ್ಷಣ ದೀಪ ನಿಮಿಷಕ್ಕೆ 100ಕ್ಕೂ ಹೆಚ್ಚು ಸಲ ಮಿನುಗತೊಡಗಿ, ಎಣಿಸುತ್ತಿರುವ ಮಗುವಿಗೆ ಲೆಕ್ಕ ತಪ್ಪುತ್ತದೆ. ಆ ಲೆಕ್ಕ ತಪ್ಪುವ ಕ್ಷಣದಲ್ಲಿ ಅದು ಕಲಿಯುವುದನ್ನು ಯಾವ ಚಾರ್ಟೂ ಕಲಿಸಲಾರದು. ಎಲ್ಲವನ್ನೂ ಆರಿಸಿದ ಮೇಲೆಯೂ ದೀಪ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಸೆಟ್‌ಟಾಪ್ ಬಾಕ್ಸೋ ವೈಫೈ ಡಬ್ಬಿಯೋ ಎಲ್ಲೋ ಕುಳಿತು ಕರೆಂಟು ಕುಡಿಯುತ್ತಿದೆ ಎಂದರ್ಥ. ಅದನ್ನು ಹುಡುಕುವ ಪತ್ತೇದಾರಿಕೆಯಲ್ಲಿ ಮಕ್ಕಳಿಗಿರುವ ಉತ್ಸಾಹ ದೊಡ್ಡವರಿಗೆ ಬರುವುದಿಲ್ಲ. ಒಂದು ವಾರ ಹೀಗೆ ಎಣಿಸಿದ ಮನೆಯಲ್ಲಿ ಮಹಾವಿತರಣದ ಬಿಲ್ಲನ್ನು ಅಪ್ಪನ ಬದಲು ಮಗಳು ಓದಿ ಹೇಳುವಂತಾಗುತ್ತದೆ.

ಎರಡನೆಯದು ಹಸಿಕಸ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಏಕೆಂದರೆ ಶಾಲೆಗಳು ಕಾಂಪೋಸ್ಟ್ ಮಾಡಿಸಲು ಹೊರಟು, ಹದಿನೈದು ದಿನಕ್ಕೆ ವಾಸನೆ ಬಂದಿತೆಂದು ಕೈಬಿಡುವುದು ಸಾಮಾನ್ಯ. ವಾಸನೆ ಬರುವುದಕ್ಕೆ ಕಾರಣ ಗಾಳಿಯ ಕೊರತೆ ಮತ್ತು ನೀರಿನ ಹೆಚ್ಚಳ. ಕಲ್ಲಂಗಡಿ ಸಿಪ್ಪೆ, ಸೊಪ್ಪಿನ ದಂಟು, ಮಿಕ್ಕ ಅನ್ನ ಇವೆಲ್ಲವೂ ಸಾರಜನಕ ಮತ್ತು ನೀರು ತುಂಬಿದ ಪದಾರ್ಥಗಳು. ಅವುಗಳಿಗೆ ಜೊತೆಯಾಗಿ ಇಂಗಾಲ ಹೆಚ್ಚಿರುವ ಒಣಎಲೆ, ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಬೀಳದಿದ್ದರೆ ರಾಶಿ ಕೊಳೆಯುತ್ತದೆಯೇ ಹೊರತು ಗೊಬ್ಬರವಾಗುವುದಿಲ್ಲ. ಸುತ್ತಲೂ ತೂತು ಕೊರೆದ ಹಳೆಯ ಬಕೆಟ್ಟೋ ಮಣ್ಣಿನ ಕುಂಡವೋ ಇದ್ದರೆ ಸಾಕು: ತಳಕ್ಕೆ ಒಂದು ಪದರ ಒಣಎಲೆ, ಅದರ ಮೇಲೆ ಹೆಚ್ಚಿದ ಹಸಿಕಸ, ಮತ್ತೆ ಅದಕ್ಕಿಂತ ತುಸು ಹೆಚ್ಚೇ ಒಣಎಲೆ, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿಮಜ್ಜಿಗೆ. ಮೂರು ದಿನಕ್ಕೊಮ್ಮೆ ಕೈಯಾಡಿಸಬೇಕು. ತೇವವನ್ನು ಅಳೆಯಲು ಉಪಕರಣ ಬೇಕಿಲ್ಲ. ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಜಿನುಗಿದರೆ ಹದವಾಗಿದೆ, ಧಾರೆಯಾಗಿ ಸುರಿದರೆ ಎಲೆ ಸೇರಿಸಬೇಕು, ಏನೂ ಜಿನುಗದೆ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಬೂದುಬಣ್ಣದ ದಪ್ಪ ಹುಳುಗಳು ಕಂಡು ಮನೆಮಂದಿ ಕಿರುಚಿದರೆ, ಅವು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿಗಳಿರಬಹುದು. ಕಚ್ಚುವುದಿಲ್ಲ, ಕಸವನ್ನು ನಮಗಿಂತ ಬೇಗ ಕರಗಿಸುತ್ತವೆ ಎಂದು ಆ ಮಗುವೇ ಅಜ್ಜಿಗೆ ತಿಳಿಸಿ ಹೇಳಲಿ. ಎರಡು ಮೂರು ತಿಂಗಳ ಮೇಲೆ ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ, ಅದನ್ನು ಸ್ವಲ್ಪ ಕುಂಡಕ್ಕೆ ಹಾಕಿ ಸಾಸಿವೆಯನ್ನೋ ಮೆಂತ್ಯವನ್ನೋ ಬಿತ್ತಬೇಕು. ಮೊಳಕೆ ಸರಿಯಾಗಿ ಬಂದರೆ ಗೊಬ್ಬರ ಮಾಗಿದೆ. ಬಾರದಿದ್ದರೆ ಇನ್ನೂ ಕಾಯಬೇಕು. ಇದು ಪ್ರಯೋಗಾಲಯದ ಸಹಾಯವಿಲ್ಲದೆ ನಡೆಯುವ ಅಪ್ಪಟ ವಿಜ್ಞಾನ.

ಇದೆಲ್ಲ ಏಕೆಂದು ಪುಣೆಯವರಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ಅಡುಗೆಮನೆಗಳ ಕಸವನ್ನು ದಶಕಗಳ ಕಾಲ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಪಕ್ಕಕ್ಕೆ ಸುರಿಯಲಾಯಿತು. ಅಲ್ಲಿನ ಜನ ಲಾರಿಗಳನ್ನು ತಡೆದು ನಿಲ್ಲಿಸಿದಾಗಲೇ ನಗರಕ್ಕೆ ತನ್ನ ಕಸದ ನೆನಪಾದದ್ದು. ಕಸವನ್ನು ಮೂಲದಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಪುಣೆಯಲ್ಲಿ ಆ ಕೆಲಸವನ್ನು ಮನೆಮನೆಗೆ ಬಂದು ನಡೆಸಿಕೊಡುತ್ತಿರುವವರು ‘ಸ್ವಚ್ಛ್’ ಸಹಕಾರ ಸಂಘದ ಸದಸ್ಯೆಯರು. 1993ರಲ್ಲಿ ಹುಟ್ಟಿದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಚಿಂದಿ ಆಯುವವರ ಸಂಘಟನೆಯಿಂದ ಬೆಳೆದ ಈ ಸಂಘ 2008ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡಿ, ಆಗ ಅದನ್ನು ನಾವು ಬರಿಗೈಯಲ್ಲಿ ಬಿಚ್ಚಿ ನೋಡಬೇಕಾಗುವುದಿಲ್ಲ ಎಂದು ಕೇಳಿಕೊಂಡವರು ಇವರೇ. ಹಳೆಯ ಪತ್ರಿಕೆಗಳಿಂದ ಅದಕ್ಕಾಗಿಯೇ ಚೀಲಗಳನ್ನೂ ಮಾಡಿ ಮಾರಿದರು. ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯರು ಮತ್ತು ಹುಡುಗರು, ಹೌದು ಹುಡುಗರೂ, ತಮ್ಮ ಕಟ್ಟಡದ ಎಲ್ಲ ಮನೆಗಳಲ್ಲಿ ಈ ಕೆಂಪು ಚುಕ್ಕೆಯ ರೂಢಿ ತರುವುದನ್ನು ಒಂದು ಪ್ರಾಜೆಕ್ಟ್ ಎಂದು ಸ್ವೀಕರಿಸಿದರೆ, ಅದರಷ್ಟು ನೇರವಾದ ಪರಿಸರ ಪಾಠ ಮತ್ತೊಂದು ನನಗೆ ಹೊಳೆಯುವುದಿಲ್ಲ.

ನೀರಿನ ವಿಷಯದಲ್ಲಿಯೂ ಅಳತೆಯೇ ಮೊದಲು. ನೇರ ಬದಿಯ ಡಬ್ಬಿಯೊಂದನ್ನು ತಾರಸಿಯ ಬಯಲಿನಲ್ಲಿಟ್ಟು ಪ್ರತಿದಿನ ಬೆಳಿಗ್ಗೆ ಅಳತೆಪಟ್ಟಿ ಅದ್ದಿ ನೋಡಿದರೆ ಅದೇ ಮಳೆಮಾಪಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುವುದರಿಂದ 100 ಚದರ ಮೀಟರಿನ ತಾರಸಿಯೊಂದರ ಮೇಲೆ 70,000 ಲೀಟರಿನಷ್ಟು ನೀರು ಬೀಳುತ್ತದೆ. ಈ ಗುಣಾಕಾರವನ್ನು ತಾನೇ ಮಾಡಿದ ಹುಡುಗ ಬೇಸಿಗೆಯಲ್ಲಿ ತನ್ನ ಸೊಸೈಟಿಯ ಗೇಟಿನೊಳಗೆ ಬರುವ ಟ್ಯಾಂಕರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಮನೆಯೊಳಗೆ ಆರ್‌ಓ ಯಂತ್ರವಿದ್ದರೆ ಅದರ ಹೊರಕೊಳವೆಯ ಕೆಳಗೆ ಬಕೆಟ್ಟಿಟ್ಟು ನೋಡಲಿ: ಒಂದು ಲೀಟರ್ ಕುಡಿಯುವ ನೀರಿಗೆ ಸಾಮಾನ್ಯವಾಗಿ ಮೂರು ಲೀಟರಿನಷ್ಟು ಚರಂಡಿಗೆ ಹೋಗುತ್ತಿರುತ್ತದೆ. ಆ ನೀರು ನೆಲ ಒರೆಸಲು, ಶೌಚಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ಅದರಲ್ಲಿ ಲವಣ ಹೆಚ್ಚಿರುವುದರಿಂದ ನಿತ್ಯವೂ ಕುಂಡದ ಗಿಡಗಳಿಗೇ ಸುರಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಪ್ರದರ್ಶನದ ಫಲಕಗಳಲ್ಲಿ ಈ ಎರಡನೆಯ ಮಾತು ಇರುವುದೇ ಇಲ್ಲ.

ಇಲ್ಲಿ ಒಂದು ತಕರಾರನ್ನು ಹೇಳಿಬಿಡಬೇಕು. ಅಂತರ್ಜಾಲದ ವಿಡಿಯೋಗಳಿಂದ ಹರಡುವ ಮನೆಮದ್ದಿನಂಥ ಪ್ರಾಜೆಕ್ಟುಗಳನ್ನು ಶಾಲೆಗಳು ಪರೀಕ್ಷಿಸದೆ ಒಪ್ಪಿಕೊಳ್ಳುತ್ತಿವೆ. ಬೆಲ್ಲ ಒಂದು ಪಾಲು, ಕಿತ್ತಳೆ-ನಿಂಬೆಯ ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು ಸೇರಿಸಿ ಮೂರು ತಿಂಗಳು ಹುದುಗಿಸಿದ ‘ಬಯೋ ಎನ್ಜೈಮ್’ ಎಂಬ ದ್ರವ ನೆಲ ಒರೆಸಲು, ಸಿಂಕು ಉಜ್ಜಲು ಸೊಗಸಾಗಿದೆ, ಹುಳಿಯಿರುವ ಯಾವ ದ್ರವಕ್ಕೂ ಆ ಗುಣ ಇರುತ್ತದೆ; ಆದರೆ ಒಂದು ಬಾಟಲಿ ಸುರಿದರೆ ಮುಳಾ-ಮುಠಾ ನದಿ ಶುದ್ಧವಾಗುತ್ತದೆಂದು ಮಕ್ಕಳಿಂದ ಹೇಳಿಸುವುದು ವಿಜ್ಞಾನವಲ್ಲ. ಹಾಗೆಯೇ ‘ಕಸದಿಂದ ರಸ’ ಸ್ಪರ್ಧೆಗಾಗಿ ಹೊಸ ತಂಪು ಪಾನೀಯದ ಬಾಟಲಿಗಳನ್ನು ಕೊಂಡು, ಒಳಗಿದ್ದದ್ದನ್ನು ಚೆಲ್ಲಿ, ಹೂದಾನಿ ಮಾಡಿ ತರುವ ಮನೆಗಳನ್ನು ನಾನು ಬಲ್ಲೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದ ಧಾರವಾಡ, ವಿಜಯಪುರದ ಅಜ್ಜಿಯರು ಈ ಸ್ಪರ್ಧೆಯ ತೀರ್ಪುಗಾರರಾಗಿದ್ದರೆ ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು.

ಊರು ಬದಲಾದರೆ ಪ್ರಯೋಗವೂ ಬದಲಾಗಬೇಕೆಂಬುದನ್ನು ಮಕ್ಕಳು ಅರಿಯಲು ಎರಡು ಮಡಕೆಗಳ ತಂಪುಪೆಟ್ಟಿಗೆ ಒಳ್ಳೆಯ ಉದಾಹರಣೆ. ಒಂದು ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವಿನ ಸಂದಿಗೆ ಮರಳು ತುಂಬಿ ತೋಯಿಸಿದರೆ, ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನೈಜೀರಿಯದ ಶಿಕ್ಷಕ ಮೊಹಮ್ಮದ್ ಬಾಹ್ ಅಬ್ಬಾ ಅವರು 1990ರ ದಶಕದಲ್ಲಿ ಇದನ್ನು ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಹಂಚಿ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣಹವೆಯಲ್ಲಿ ಇದರೊಳಗೆ ಕೊತ್ತಂಬರಿ ಸೊಪ್ಪು ದಿನಗಟ್ಟಲೆ ಬಾಡದೆ ಇರುತ್ತದೆ. ಅದನ್ನೇ ಮುಂಬಯಿಯ ದಾದರಿನಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಮಾಡಿದರೆ ಕಡಲ ತೇವದಿಂದಾಗಿ ಹೆಚ್ಚಿನ ಫಲ ಸಿಗದು. ಎರಡೂ ಕಡೆ ಥರ್ಮಾಮೀಟರ್ ಇಟ್ಟು ಬರೆದ ಎರಡು ಸಾಲಿನ ಅಂಕಿಗಳಿದ್ದರೆ ಅದೊಂದು ಪೂರ್ಣ ಪ್ರಾಜೆಕ್ಟ್. ಡಿಸೆಂಬರಿನ ಪ್ರದರ್ಶನಕ್ಕೆಂದು ನವೆಂಬರಿನಲ್ಲಿ ಆರಂಭಿಸುವ ಕೆಲಸದಲ್ಲಿ ಮಳೆಯೂ ಸಿಗುವುದಿಲ್ಲ, ಬೇಸಿಗೆಯೂ ಸಿಗುವುದಿಲ್ಲ. ಆದ್ದರಿಂದಲೇ ಮಕ್ಕಳು ರಟ್ಟಿನ ಮೇಲೆ ಮಳೆಯನ್ನು ಬಣ್ಣದಲ್ಲಿ ಬರೆಯುತ್ತಾರೆ.

ಕೈಯಿಂದ ಮಾಡಿ ಕಲಿಯುವ ವಿದ್ಯೆಗೆ ಪುಣೆ ಹೊಸ ಊರೇನಲ್ಲ. ಹಿಂದೂಸ್ತಾನ್ ಲಿವರ್ ಕಂಪನಿಯ ಸಂಶೋಧನಾ ಕೆಲಸವನ್ನು ಬಿಟ್ಟು ಬಂದ ಡಾ. ಎಸ್. ಎಸ್. ಕಲಬಾಗ್ ಅವರು 1983ರಲ್ಲಿ ಶಿರೂರು ತಾಲ್ಲೂಕಿನ ಪಾಬಳದಲ್ಲಿ ವಿಜ್ಞಾನ ಆಶ್ರಮವನ್ನು ಕಟ್ಟಿದರು. ಅಲ್ಲಿನ ಪದ್ಧತಿಯಲ್ಲಿ ವಿದ್ಯಾರ್ಥಿ ಮಾಡಿದ ವಸ್ತು ಊರಿನ ಯಾರಿಗಾದರೂ ಉಪಯೋಗಕ್ಕೆ ಬರಬೇಕು, ಅದಕ್ಕೆ ಅವರು ದುಡ್ಡು ಕೊಡಬೇಕು. ಕೆಟ್ಟ ಬೆಸುಗೆಗೆ ಯಾವ ರೈತನೂ ಹಣ ಕೊಡುವುದಿಲ್ಲವಾದ್ದರಿಂದ ಅಲ್ಲಿ ತೀರ್ಪುಗಾರರ ಮೇಜಿನ ಅಗತ್ಯವೇ ಬೀಳಲಿಲ್ಲ. ಪುಣೆಯ ಖಗೋಳ ವಿಜ್ಞಾನ ಸಂಸ್ಥೆಯಾದ ಐಯುಕಾದ ಮುಕ್ತಾಂಗಣ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ಟ್ಯೂಬು, ಹಳೆಯ ಪತ್ರಿಕೆಗಳಿಂದ ಆಟಿಕೆ ಮಾಡಿಸಿ ವಿಜ್ಞಾನ ಕಲಿಸಿದ್ದು ದೇಶಕ್ಕೇ ಗೊತ್ತಿದೆ. ಡಾ. ಆನಂದ ಕರ್ವೆ ಅವರ ಆರತಿ ಸಂಸ್ಥೆ, ಅಡುಗೆಮನೆಯ ಹಿಟ್ಟು, ಅನ್ನ, ಹಾಳಾದ ಕಾಳಿನಂಥ ಪಿಷ್ಟದ ಪದಾರ್ಥಗಳಿಂದ ನಡೆಯುವ ಸಣ್ಣ ಬಯೋಗ್ಯಾಸ್ ಘಟಕವನ್ನು ರೂಪಿಸಿ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಗಳಿಸಿತು. ಸಗಣಿಯೆಂದರೆ ಹಸು ಆಗಲೇ ಅರಗಿಸಿಕೊಂಡು ಉಳಿಸಿದ್ದು, ಅದರಲ್ಲಿ ಶಕ್ತಿ ಕಡಿಮೆ. ಪಿಷ್ಟವನ್ನು ನೇರವಾಗಿ ಹಾಕಿದರೆ ಬಹಳ ಕಡಿಮೆ ತೂಕದಿಂದ, ಬಹಳ ಬೇಗ ಅನಿಲ ಬರುತ್ತದೆ ಎಂಬ ಸರಳ ತರ್ಕ ಅದರ ಹಿಂದಿತ್ತು. ಮಧ್ಯಾಹ್ನದ ಊಟ ಬೇಯಿಸುವ ಅಥವಾ ಕ್ಯಾಂಟೀನಿರುವ ಶಾಲೆಗೆ ಇದು ಹೇಳಿಮಾಡಿಸಿದಂತಿದೆ. ಫ್ಲ್ಯಾಟಿನ ಬಾಲ್ಕನಿಗೆ ಇದು ಸಲ್ಲದೆಂಬುದು ನನ್ನ ಅಭಿಪ್ರಾಯ.

ಅಂಕ ಕೊಡುವ ಬಗೆಯಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯವಾದದ್ದು. ಎಷ್ಟು ಉಳಿಸಿದರು ಎಂಬುದರ ಮೇಲೆ ಅಂಕ ಕೊಡಬೇಡಿರಿ. ಹಾಗೆ ಕೊಟ್ಟರೆ ಮೂರು ಎಸಿ, ಎರಡು ಗೀಸರಿನ ಮನೆಯ ಮಗು ಒಂದು ಎಸಿ ಆರಿಸಿ ಮೊದಲ ಸ್ಥಾನ ಪಡೆಯುತ್ತದೆ. ಬಸ್ತಿಯ ಒಂದೇ ಕೋಣೆಯಲ್ಲಿ, ಒಂದು ಫ್ಯಾನು ಒಂದು ದೀಪದಡಿ ಓದುವ, ಬೆಳಗಿನ ಜಾವ ಹಿಡಿದಿಟ್ಟ ನೀರಿನಲ್ಲಿ ಬಟ್ಟೆ ಒಗೆದು ಅದೇ ನೀರಿನಲ್ಲಿ ಅಂಗಳ ತೊಳೆಯುವ ಮನೆಯ ಮಗುವಿಗೆ ಉಳಿಸಲು ಏನೂ ಇರುವುದಿಲ್ಲವಾಗಿ ಸೊನ್ನೆ ಬರುತ್ತದೆ. ಅಂಕ ಇರಬೇಕಾದದ್ದು ಅಳತೆಯ ಪ್ರಾಮಾಣಿಕತೆಗೆ, ಕಾರಣ ಹುಡುಕಿದ ರೀತಿಗೆ, ಮತ್ತು ಕೆಲಸ ಕೆಟ್ಟಾಗ ಏಕೆ ಕೆಟ್ಟಿತೆಂದು ಬರೆದದ್ದಕ್ಕೆ. ಬಡ ಮನೆಯ ಮಗು ತನ್ನ ಮನೆ ದಿನಕ್ಕೆ ಇಷ್ಟು ನೀರಿನಲ್ಲಿ ಹೇಗೆ ನಡೆಯುತ್ತದೆ ಎಂದು ಲೀಟರ್ ಲೆಕ್ಕದಲ್ಲಿ ಬರೆದರೆ, ತರಗತಿಯ ಉಳಿದವರು ಅದರಿಂದ ಕಲಿಯುವುದಿದೆ.

ಆಯುಕ್ತರಲ್ಲಿ ನನ್ನ ವಿನಂತಿಗಳು ಚಿಕ್ಕವು. ಸೌರಶಕ್ತಿ, ಎರೆಗೊಬ್ಬರ, ಮಳೆನೀರು ಕೊಯ್ಲು ಅಳವಡಿಸಿಕೊಂಡವರಿಗೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ಶೇ. 5ರಿಂದ 10ರವರೆಗೆ ರಿಯಾಯಿತಿ ಕೊಡುವ ಪದ್ಧತಿ ಇದೆ. ಆದರೆ ಅಳವಡಿಸಿದ್ದು ನಿಜವಾಗಿ ನಡೆಯುತ್ತಿದೆಯೇ ಎಂದು ವರ್ಷವಿಡೀ ನೋಡುವವರು ವಿರಳ. ವಿದ್ಯಾರ್ಥಿಗಳು ತಮ್ಮ ಕಟ್ಟಡದ ಗೊಬ್ಬರದ ಗುಂಡಿ, ಮಳೆನೀರಿನ ಗುಂಡಿಗಳ ಸ್ಥಿತಿಯನ್ನು ಬರೆದು ತಂದರೆ ವಾರ್ಡ್ ಕಚೇರಿ ಅದನ್ನು ಸ್ವೀಕರಿಸಿ ಉತ್ತರಿಸುವಂತಾಗಲಿ. ಎರಡನೆಯದಾಗಿ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರಸ್ತೆಬದಿಯ ಮರಗಳಿಂದ ಉದುರುವ ಎಲೆಗಳನ್ನು ಮೂಲೆಯಲ್ಲಿ ಗುಡಿಸಿ ಸುಡುವ ಬದಲು ಚೀಲಗಳಲ್ಲಿ ತುಂಬಿ ಹತ್ತಿರದ ಶಾಲೆಗಳಿಗೆ ತಲುಪಿಸುವ ವ್ಯವಸ್ಥೆಯನ್ನು ಉದ್ಯಾನ ವಿಭಾಗ ಮಾಡಲಿ. ಹಸಿಕಸಕ್ಕೆ ಕೊರತೆಯಿಲ್ಲದ ಊರಿನಲ್ಲಿ ಗೊಬ್ಬರ ನಿಂತುಹೋಗುವುದು ಒಣಎಲೆ ಸಿಗದೆ. ಅತ್ತ ಅದೇ ಎಲೆಯ ಹೊಗೆಯನ್ನು ಬೆಳಗಿನ ವಾಯುವಿಹಾರಿಗಳು ಕುಡಿಯುತ್ತಿರುತ್ತಾರೆ.

ಕನ್ನಡಿಗ ಬಂಧುಗಳೇ, ನಿಮ್ಮಲ್ಲಿ ಎರಡು ಮಾತು. ನಮ್ಮಲ್ಲಿ ಅನೇಕರು ಸೊಸೈಟಿಗಳ ಕಾರ್ಯಕಾರಿ ಸಮಿತಿಯಲ್ಲಿದ್ದೇವೆ. ತಾರಸಿಯ ಬೀಗದ ಕೈಯನ್ನು ಮಕ್ಕಳಿಗೆ ಕೊಡಲಾಗದು, ಗೊಬ್ಬರದ ಬಕೆಟ್ಟು ಮೆಟ್ಟಿಲ ಬಳಿ ಕೂಡದು ಎಂಬ ಸುತ್ತೋಲೆಗೆ ಸಹಿ ಹಾಕುವವರು ನಾವೇ ಆಗಿರುತ್ತೇವೆ. ಸುರಕ್ಷೆಯ ಕಾಳಜಿ ಸರಿಯಾದದ್ದೇ; ದೊಡ್ಡವರೊಬ್ಬರು ಜೊತೆಗಿರಲಿ ಎಂಬ ಷರತ್ತಿನ ಮೇಲೆ ಅನುಮತಿ ಕೊಡಲು ಅಡ್ಡಿಯೇನಿಲ್ಲ. ಇನ್ನೊಂದು, ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಮಕ್ಕಳಿಗೆ ಕೊಡುವ ಬಹುಮಾನಗಳು ಬಹುತೇಕ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಪ್ಪುಗಳು. ಜೂನಿನಿಂದ ಅಕ್ಟೋಬರಿನವರೆಗೆ ಮನೆಯಲ್ಲಿ ಮಳೆ, ಗೊಬ್ಬರ, ಕರೆಂಟು ಯಾವುದನ್ನಾದರೂ ಅಳೆದು ಕನ್ನಡದಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ನವೆಂಬರಿನಲ್ಲಿ ಸಭೆಯ ಮುಂದೆ ಓದಿಸಿದರೆ, ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಮನೆಮಾತಿನಲ್ಲಿ ವಿಜ್ಞಾನ ಬರೆಯುವ ಒಂದು ಅವಕಾಶವೂ ಸಿಕ್ಕಂತಾಗುತ್ತದೆ.

ಜೂನ್ ಮಧ್ಯದಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಮಳೆಯೂ ಬರುತ್ತದೆ. ಮಳೆಮಾಪಕ ಅಂದಿನಿಂದಲೇ ತಾರಸಿಯ ಮೇಲಿರಬೇಕು, ಎಲೆಯ ಚೀಲಗಳು ಅದಕ್ಕೂ ಮೊದಲೇ ಒಣ ಜಾಗದಲ್ಲಿ ಕೂಡಿರಬೇಕು. ಆದ್ದರಿಂದ ಮುಂದಿನ ವರ್ಷದ ಪ್ರದರ್ಶನದ ನಿಯಮಗಳನ್ನು ವಾರ್ಷಿಕ ಪರೀಕ್ಷೆಗಳಿಗೆ ಮುನ್ನವೇ ತಿದ್ದಿ ಪೋಷಕರಿಗೆ ತಿಳಿಸಬೇಕೆಂದು ಕೋರುತ್ತೇನೆ. ಟಿಪ್ಪಣಿ ಪುಸ್ತಕಗಳನ್ನು ಓದಲು, ಮನೆಗಳಿಗೆ ಹೋಗಿ ನೋಡಿಬರಲು ತೀರ್ಪುಗಾರರು ಬೇಕಾದಲ್ಲಿ ನಾನೂ ನನ್ನಂತೆ ನಿವೃತ್ತರಾದ ಕೆಲವು ಶಿಕ್ಷಕ ಮಿತ್ರರೂ ಗೌರವಧನವಿಲ್ಲದೆ ಬರಲು ಸಿದ್ಧರಿದ್ದೇವೆ. ಈ ಪತ್ರದ ಮರಾಠಿ ಪ್ರತಿಯನ್ನು ಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಪ್ರತ್ಯೇಕವಾಗಿ ಕಳುಹಿಸುತ್ತಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಪುಣೆಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ